ಅಡುಗೆಮನೆಯಲ್ಲೊಂದು ಚಿರತೆ

ತಪ್ಪು ಉತ್ತರವನ್ನು ಅಷ್ಟು ಚೆನ್ನಾಗಿ ಬರೆಯಬಲ್ಲವರು ಆ ಶಾಲೆಯಲ್ಲಿ ಇನ್ನೊಬ್ಬರಿರಲಿಲ್ಲ. ಮೂರನೇ ತರಗತಿಯ ಮೇಷ್ಟ್ರು ಪಾಠ ಶುರು ಮಾಡುತ್ತಿದ್ದದ್ದೇ ತಪ್ಪಿನಿಂದ. ಮೂರಕ್ಕೆ ಮೂರು ಕೂಡಿದರೆ ಏಳು ಎಂದು ಬೋರ್ಡಿನ ಮೇಲೆ ದುಂಡಗೆ ಬರೆದು, ಅಡಿಯಲ್ಲಿ ಗೆರೆ ಎಳೆದು, ಕೈ ಕಟ್ಟಿಕೊಂಡು ನಿಲ್ಲುವರು. ಮಕ್ಕಳು 'ತಪ್ಪು, ತಪ್ಪು' ಎಂದು ಬೆಂಚು ಬಡಿಯುವರು. ಆ ಗದ್ದಲವನ್ನು ಕಿವಿ ತುಂಬ ಕೇಳಿದ ಮೇಲೆ ಮೇಷ್ಟ್ರು ಡಸ್ಟರ್ ಎತ್ತಿ, ಯುದ್ಧ ಗೆದ್ದ ದೊರೆ ಶತ್ರುವಿನ ಬಾವುಟ ಇಳಿಸುವ ಗಾಂಭೀರ್ಯದಲ್ಲಿ ಏಳನ್ನು ಒರೆಸಿ ಆರು ಬರೆಯುವರು. ಸರಿ ಉತ್ತರವನ್ನು ಯಾರು ಬೇಕಾದರೂ ಹೇಳಿಕೊಡಬಹುದು, ತಪ್ಪನ್ನು ಮಕ್ಕಳ ಕಣ್ಣೆದುರಿಗೇ ಒರೆಸಿ ತೋರಿಸುವವನೇ ನಿಜವಾದ ಮೇಷ್ಟ್ರು ಎಂಬುದು ಅವರ ಸಿದ್ಧಾಂತ. ಇದನ್ನು ಅವರು ಸ್ಟಾಫ್ ರೂಮಿನಲ್ಲಿ, ಯಾರೂ ಕೇಳದಿದ್ದರೂ, ಆಗಾಗ ಮಂಡಿಸುತ್ತಿದ್ದರು. ಬೆನ್ನ ಹಿಂದೆ ಎಲ್ಲರೂ ಅವರನ್ನು ಡಸ್ಟರ್ ಮೇಷ್ಟ್ರು ಎನ್ನುತ್ತಿದ್ದರು. ಎದುರಿಗೂ ಕೆಲವರು ಅನ್ನುತ್ತಿದ್ದರು. ಅದನ್ನು ಅವರು ಬಿರುದು ಎಂದೇ ತಿಳಿದಿದ್ದರು.

ಅವರ ತರಗತಿಯಲ್ಲಿ ಒಬ್ಬಳು ಹುಡುಗಿ. ಮೇಷ್ಟ್ರ ಸುಣ್ಣದ ಕಡ್ಡಿ ತಪ್ಪಿನ ಕಡೆಗೆ ತಿರುಗುವ ಮೊದಲೇ 'ತಪ್ಪು' ಎಂದು ಕೂಗುವ ಚಾಳಿ ಅವಳದು. ಮಿಕ್ಕ ಮಕ್ಕಳು ಅವಳಿಗೆ ತಪ್ಪಮ್ಮ ಎಂದು ಹೆಸರಿಟ್ಟಿದ್ದರು. ಡಸ್ಟರ್ ತಂದುಕೊಡುವ ಅಧಿಕಾರವೂ ಅವಳದೇ. ಗುರುಶಿಷ್ಯರ ಈ ಸಂಬಂಧ ಸುಗಮವಾಗಿ ಸಾಗಿದ್ದಾಗ ಶಾಲೆಗೆ ಟ್ಯಾಬ್‌ಗಳು ಬಂದವು.

ಟ್ಯಾಬ್‌ಗಳ ಒಳಗೆ 'ಹಸಿರು ಮನೆ' ಎಂಬ ಆಪ್ ಇತ್ತು. ಶಿಕ್ಷಣ ಇಲಾಖೆ ಮತ್ತು ಅರಣ್ಯ ಇಲಾಖೆ ಕೈ ಕೈ ಹಿಡಿದು ಮಾಡಿಸಿದ್ದು. ಯಾವ ಪ್ರಾಣಿ ಎಲ್ಲಿ ವಾಸಿಸುತ್ತದೆ ಎಂಬುದನ್ನು ಮಕ್ಕಳು ಬೆರಳಿನ ತುದಿಯಲ್ಲೇ ಕಲಿಯಬೇಕೆಂದು ಮೇಲಿನವರ ಆಸೆ. ಎಲ್ಲಿ ಒತ್ತಿದರೂ ಒಂದು ಕೋಗಿಲೆ ಕೂಗುತ್ತಿತ್ತು. ಅದನ್ನು ಬಳಸುವ ವಿಧಾನ ತಿಳಿಸಲು ಕಂಪನಿಯಿಂದ ಒಬ್ಬ ತರುಣ ಬಂದು ಅರ್ಧ ಗಂಟೆ ಮಾತಾಡಿ ಹೋದ. ಆ ಅರ್ಧ ಗಂಟೆಯೂ ಮೇಷ್ಟ್ರು ಪಕ್ಕದ ಕಟ್ಟಡದಿಂದ ಅತಿಥಿಗಳಿಗೆ ಕುರ್ಚಿ ಹೊರುತ್ತಿದ್ದರು. ಕೊನೆಯ ಕುರ್ಚಿಯನ್ನು ತಂದಿಟ್ಟು, ಬೆವರೊರೆಸಿಕೊಂಡು, ಅದರ ಮೇಲೆ ತಾವೇ ಕೂತ ಗಳಿಗೆಗೆ ಸರಿಯಾಗಿ ಹೆಡ್‌ಮಿಸ್ಸು ಎಲ್ಲರಿಗೂ ಅರ್ಥವಾಯಿತೇ ಎಂದು ಕೇಳಿದರು. ಅರ್ಥವಾಗದವರು ಸುಮ್ಮನೆ ಕೂತಿದ್ದರು. ಅರ್ಥವಾದವರು ಜವಾಬ್ದಾರಿ ತಲೆಗೆ ಬಂದೀತೆಂದು ಇನ್ನೂ ಸುಮ್ಮನೆ ಕೂತಿದ್ದರು. ಏನನ್ನೂ ಕೇಳಿಸಿಕೊಳ್ಳದಿದ್ದ ಮೇಷ್ಟ್ರು ಮಾತ್ರ, ತಾನು ಕೇಳಿಸಿಕೊಂಡಿಲ್ಲ ಎಂಬುದು ಯಾರಿಗೂ ತಿಳಿಯಬಾರದೆಂದು, ಬಹಳ ಗಂಭೀರವಾಗಿ ತಲೆಯಾಡಿಸಿದರು.

ಹೀಗೆ ಅವರು ಟ್ಯಾಬ್ ಉಸ್ತುವಾರಿ ಶಿಕ್ಷಕರಾದರು. ಟ್ಯಾಬ್‌ಗಳೆಲ್ಲ ಅವರ ಹೆಸರಿಗೆ ದಾಖಲಾದವು. ವಿಳಾಸ ಕೇಳಿದ್ದಕ್ಕೆ ಮನೆಯ ವಿಳಾಸವನ್ನು ಬಾಗಿಲ ನಂಬರು, ಮಹಡಿ, ಎದುರಿಗಿರುವ ಬಡಗಿ ಅಂಗಡಿಯ ಗುರುತಿನ ಸಮೇತ ಕೊಟ್ಟರು. ಅಂಚೆಯವನಿಗೂ ಅವರು ಅಷ್ಟು ವಿವರ ಕೊಟ್ಟವರಲ್ಲ.

ಮರುದಿನ ಮೊದಲ ಪಾಠ. ಪರದೆಯ ಮೇಲೆ ಚಿರತೆ ಬಂತು. ಮೇಷ್ಟ್ರು ತಮ್ಮ ಪದ್ಧತಿಯಂತೆ ತಪ್ಪಿನಿಂದಲೇ ಆರಂಭಿಸಿದರು. ಚಿರತೆ ಎಲ್ಲಿ ವಾಸಿಸುತ್ತದೆ ಎಂದು ತಾವೇ ಕೇಳಿ, ಇನ್ನೆಲ್ಲಿ, ಅಡುಗೆಮನೆಯಲ್ಲಿ ಎಂದು ತಾವೇ ಹೇಳಿ, ಒಂದೇ ಬೆರಳಲ್ಲಿ ಒಂದೊಂದೇ ಅಕ್ಷರವನ್ನು ಹೆಕ್ಕಿ 'ಅಡುಗೆಮನೆ' ಎಂದು ಬರೆದು, ಪರದೆಯ ಮೂಲೆಯಲ್ಲಿದ್ದ ಕಡು ಹಸಿರು ಎಲೆಯನ್ನು ಒತ್ತಿದರು. ಮೂಲೆಯಲ್ಲಿ ಎರಡು ಎಲೆಗಳಿದ್ದವು. ತಿಳಿ ಹಸಿರಿನದು ಆಟಕ್ಕೆ, ಕಡು ಹಸಿರಿನದು ನಿಜವಾಗಿ ಕಂಡ ಪ್ರಾಣಿಯ ಬಗ್ಗೆ ಅರಣ್ಯ ಇಲಾಖೆಗೆ ವರದಿ ಮಾಡಲಿಕ್ಕೆ. ಈ ಭೇದವನ್ನು ಆ ತರುಣ ಮೂರು ಸಲ ಒತ್ತಿ ಹೇಳಿದ್ದನಂತೆ. ಆ ಮೂರೂ ಸಲ ಮೇಷ್ಟ್ರ ತಲೆಯ ಮೇಲೆ ಕುರ್ಚಿಯಿತ್ತು.

ಕೋಗಿಲೆ ಕೂಗಿತು. ಮಕ್ಕಳು ಬೆಂಚು ಬಡಿದರು. ತಪ್ಪಮ್ಮನ ದನಿ ಎಲ್ಲರಿಗಿಂತ ಮೇಲಿತ್ತು. ಮೇಷ್ಟ್ರು ಸಂತೋಷದಿಂದ ಕೈ ಚಾಚಿದರು, ತಪ್ಪಮ್ಮ ಡಸ್ಟರ್ ಕೊಟ್ಟಳು. ಡಸ್ಟರ್ ಹಿಡಿದು ಟ್ಯಾಬ್‌ನ ಮುಂದೆ ನಿಂತಾಗ ಮೊದಲ ಬಾರಿಗೆ ಅವರಿಗೆ ಏನೋ ಕೊರತೆ ಕಂಡಿತು. ಗಾಜನ್ನು ಒಮ್ಮೆ ಒರೆಸಿದರು. ಗಾಜು ಬೆಳ್ಳಗಾಯಿತು. ಅಡುಗೆಮನೆ ಹೋಗಲಿಲ್ಲ. ಉಗುರಿನಿಂದ ಕೆರೆದು ನೋಡಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ನಾಳೆ ಒರೆಸೋಣ ಎಂದು ಟ್ಯಾಬ್ ಮುಚ್ಚಿಟ್ಟರು.

ಅಲ್ಲಿಂದ ಮನೆಗೆ ನಡೆದು ಬರುವಷ್ಟರಲ್ಲಿ ಬೀದಿಯ ಮಂದಿಯ ಫೋನುಗಳೆಲ್ಲ ಕೋಗಿಲೆಯಂತೆ ಕೂಗಿಬಿಟ್ಟಿದ್ದವು. 'ನಿಮ್ಮ ಸಮೀಪ ಚಿರತೆ ಕಂಡುಬಂದಿದೆ. ಸ್ಥಳ: ಬಡಗಿ ಅಂಗಡಿ ಎದುರು, ಕೆಳಮಹಡಿ, ಅಡುಗೆಮನೆ.' ಬಡಗಿ ಅರ್ಧ ಬಾಗಿಲು ಎಳೆದುಕೊಂಡು, ಉಳಿದರ್ಧದಲ್ಲಿ ತಲೆ ಹೊರಗೆ ಹಾಕಿ ನೋಡುತ್ತಿದ್ದ. ಮೇಷ್ಟ್ರು ಬಂದದ್ದನ್ನು ಕಂಡು, ಒಳಗೆ ಹೋಗುವುದಾದರೆ ಚಪ್ಪಲಿ ಸದ್ದು ಮಾಡಿಕೊಂಡು ಹೋಗಿ, ಅದಕ್ಕೆ ಗಾಬರಿಯಾಗಬಾರದು ಎಂದು ಸಲಹೆ ಕೊಟ್ಟ.

ಮನೆಯ ಮುಂದೆ ಅರಣ್ಯ ಇಲಾಖೆಯ ವ್ಯಾನು ನಿಂತಿತ್ತು, ಅದರ ಮೇಲೆ ಕಬ್ಬಿಣದ ಬೋನು. ಅಧಿಕಾರಿ ಮೆಟ್ಟಿಲ ಮೇಲೆ ಕೂತು ತಮ್ಮ ಟ್ಯಾಬ್ ನೋಡುತ್ತಿದ್ದರು. ಸಾಕಷ್ಟು ದಣಿದ, ಸಾಕಷ್ಟು ಸಜ್ಜನ ಮನುಷ್ಯ. ಚಿರತೆ ಎಲ್ಲಿದೆ ಎಂದು ವಿಚಾರಿಸಿದರು. ಇಲ್ಲ ಎಂದರು ಮೇಷ್ಟ್ರು. ಹೊರಗೆ ಹೋಗಿದೆಯೇ, ಎಷ್ಟೊತ್ತಿಗೆ ಬರುತ್ತದೆ ಎಂದು ಅಧಿಕಾರಿ ಕೇಳಿದರು. ಮೇಷ್ಟ್ರಿಗೆ ಮೈ ಉರಿಯಿತು. ಬರುವುದಕ್ಕೆ ಅದೇನು ಆಫೀಸಿಗೆ ಹೋಗಿದೆಯೇ, ಅದು ಯಾವತ್ತೂ ಇರಲೇ ಇಲ್ಲ, ತಪ್ಪು ಉತ್ತರ ಅದು, ಒರೆಸುವುದಕ್ಕೆಂದೇ ಬರೆದದ್ದು ಎಂದು ತಮ್ಮ ಬೋಧನಾ ಪದ್ಧತಿಯನ್ನು ಮೊದಲಿಂದ ಕೊನೆಯವರೆಗೆ ವಿವರಿಸಿದರು. ಅಧಿಕಾರಿ ತಾಳ್ಮೆಯಿಂದ ಕೇಳಿದರು.

"ಕಂಡಿಲ್ಲ ಅಂತ ಹಾಕಬಹುದು ಸಾರ್. ಇರಲೇ ಇಲ್ಲ ಅಂತ ಹಾಕೋಕೆ ಇದರಲ್ಲಿ ಜಾಗ ಇಲ್ಲ."

"ಇಲ್ಲದ ಚಿರತೇನ ಇಲ್ಲ ಅನ್ನೋಕೆ ಜಾಗ ಇಲ್ವಾ?"

"ಚಿರತೆ ಇಲ್ಲ ಅಂತ ನನಗೆ ಗೊತ್ತು, ನಿಮಗೆ ಗೊತ್ತು, ಈ ಬೀದಿ ನಾಯಿಗೂ ಗೊತ್ತು. ನೋಡಿ, ಹೆಂಗೆ ಕಾಲು ಚಾಚಿ ಮಲಗಿದೆ. ಆದ್ರೆ ಇದಕ್ಕೆ ಗೊತ್ತಿಲ್ವಲ್ಲ," ಎಂದು ಅಧಿಕಾರಿ ಟ್ಯಾಬ್‌ನ ಬೆನ್ನು ತಟ್ಟಿದರು.

ಒಮ್ಮೆ ಕಂಡ ಪ್ರಾಣಿಯನ್ನು ಹಿಡಿದು ಅದರ ನೆಲೆಗೆ ಸಾಗಿಸುವವರೆಗೆ ಆ ದಾಖಲೆ ಮುಚ್ಚುವುದಿಲ್ಲ ಎಂಬುದೇ ವ್ಯವಸ್ಥೆ. ಇನ್ನೊಂದು ದಾರಿಯೂ ಉಂಟು. ಸುಳ್ಳು ವರದಿ ಎಂದು ಬರೆದುಕೊಟ್ಟರೆ ವಿಚಾರಣೆ ನಡೆಯುತ್ತದೆ. ಮುಗಿಯುವವರೆಗೆ ಮೇಷ್ಟ್ರು ಅಮಾನತು. ಅದಕ್ಕಿಂತ ಸುಮ್ಮನೆ ಹಿಡಿಸಿಕೊಳ್ಳುವುದು ಲೇಸು, ಬೋನಿನೊಳಗಿನದರ ಫೋಟೋ ನೋಡಿ ಟ್ಯಾಬ್ 'ಚಿರತೆ' ಎಂದರೆ ಸಾಕು ಎಂದು ಅಧಿಕಾರಿ ಅಭಿಪ್ರಾಯಪಟ್ಟರು. ಆಚೆ ಬೀದಿಯಲ್ಲಿ ಯಾರೋ ನೀರಿನ ಟ್ಯಾಂಕಿನಲ್ಲಿ ಮೊಸಳೆ ಇದೆಯೆಂದು ಆಪ್‌ನಲ್ಲಿ ಹಾಕಿದ್ದರಂತೆ. ಆ ಪುಣ್ಯಾತ್ಮರು ಮೊದಲನೇ ದಿನವೇ ಹಸಿರು ರೇನ್‌ಕೋಟು ತೊಟ್ಟು ಟ್ಯಾಂಕಿನೊಳಗೆ ಅಂಗಾತ ಮಲಗಿ, ಫೋಟೋ ತೆಗೆಸಿಕೊಂಡು, ಸಂಜೆಯ ಹೊತ್ತಿಗೆ ನೆಮ್ಮದಿಯಾಗಿದ್ದರಂತೆ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವರ ಗಾದೆಯನ್ನು ಮೇಷ್ಟ್ರು ಮಕ್ಕಳಿಗೆ ಹೇಳಿಕೊಟ್ಟವರು. ಎತ್ತಿನ ಬಾಣಂತನವನ್ನು ತಾವೇ ಮಾಡಬೇಕಾಗಿ ಬರುತ್ತದೆಂದು ಎಣಿಸಿರಲಿಲ್ಲ. ತಾವು ಇಷ್ಟು ವರ್ಷಗಳಲ್ಲಿ ಒಂದೇ ಒಂದು ಸುಳ್ಳನ್ನೂ ಒರೆಸದೆ ಬಿಟ್ಟವರಲ್ಲ, ಅಮಾನತಾದರೂ ಸರಿಯೇ, ಇಲ್ಲದ ಚಿರತೆಯನ್ನು ಹಿಡಿಸುವವರಲ್ಲ ಎಂದು ಘೋಷಿಸಿದರು. ಬಡಗಿ ಚಪ್ಪಾಳೆ ತಟ್ಟಿದ. ಅಧಿಕಾರಿ ಬೋನನ್ನು ಮನೆಯ ಮುಂದಿನ ಓಣಿಯಲ್ಲಿ ಇಳಿಸಿ, ಮನಸ್ಸು ಬದಲಾದರೆ ಫೋನ್ ಮಾಡಿ ಎಂದು ಹೊರಟುಹೋದರು.

ಮನಸ್ಸು ಬದಲಾಗಲಿಲ್ಲ. ಬದಲಾದದ್ದು ಮನೆ. ಮಹಡಿಯ ಮೇಲಿನ ಮಾಲೀಕರು ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ನ್ಯಾಯಾಧೀಶರು ತೀರ್ಪು ಓದುವುದನ್ನು ಕೇಳಿ ಕೇಳಿ ಅವರ ಮಾತೆಲ್ಲ ತೀರ್ಪಿನ ಧಾಟಿಯಲ್ಲೇ ಇರುತ್ತಿತ್ತು. ಅವರು ಬಾಡಿಗೆ ಕರಾರು ಹಿಡಿದು ಇಳಿದು ಬಂದು, ನಾಯಿ ಬೆಕ್ಕು ಸಾಕುವಂತಿಲ್ಲ ಎಂಬ ಷರತ್ತನ್ನು ತೋರಿಸಿದರು. ಚಿರತೆ ಎಂದು ಇದರಲ್ಲಿ ಎಲ್ಲಿ ಬರೆದಿದೆ ಎಂದು ಮೇಷ್ಟ್ರು ಸಿಡುಕಿದರು. ಇದನ್ನು ಹೇಳಬಾರದಿತ್ತು. ಚಿರತೆ ಬೆಕ್ಕಿನ ಜಾತಿಗೆ ಸೇರಿದ್ದೆಂದು ತಮ್ಮ ಮೊಮ್ಮಗಳಿಗೆ ಪಾಠ ಮಾಡಿದವರು ಯಾರು ಎಂದು ಮಾಲೀಕರು ಕೇಳಿದರು. ಪಾಠ ಮಾಡಿದವರು ತಲೆ ತಗ್ಗಿಸಿದರು. ಹಾಗೆ ತಗ್ಗಿಸಿದ್ದನ್ನು ಮಾಲೀಕರು ತಪ್ಪೊಪ್ಪಿಗೆ ಎಂದು ಗಣಿಸಿ, ತಿಂಗಳ ಕೊನೆಯವರೆಗೆ ಗಡುವು ಕೊಟ್ಟು ಮೇಲೆ ಹತ್ತಿದರು.

ಒಳಗೆ ಇನ್ನೊಂದು ಬಗೆ. ಮೇಷ್ಟ್ರ ಅತ್ತೆ ಮೊದಲ ದಿನ ಹೆದರಿ ಅಡುಗೆಮನೆಗೆ ಕಾಲಿಡಲಿಲ್ಲ. ಎರಡನೆಯ ದಿನದಿಂದ ಆ ಚಿರತೆಯ ಅನುಕೂಲಗಳು ಅವರಿಗೆ ಒಂದೊಂದಾಗಿ ಹೊಳೆದವು. ಹಾಲಿನ ಕೆನೆ ಕಾಣೆಯಾದರೆ ಈಗ ಯಾರೂ ಅವರತ್ತ ನೋಡುತ್ತಿರಲಿಲ್ಲ. ಹೆಂಡತಿಯ ಕೈಯಿಂದ ಜಾರಿ ಒಡೆದ ಗಾಜಿನ ಜಾಡಿಯೂ ಚಿರತೆಯ ಲೆಕ್ಕಕ್ಕೇ ಹೋಯಿತು. ಮೇಷ್ಟ್ರು ರೇಗಿದರೆ ಹೆಂಡತಿ ತಣ್ಣಗೆ, "ಅಡುಗೆಮನೇಲಿ ಇದೆ ಅಂತ ಊರಿಗೆಲ್ಲ ತಿಳಿಸಿದೋರು ನೀವೇ ತಾನೇ ರೀ?" ಎನ್ನುವಳು. ಬೆಳಗಿನ ಜಾವ ಅದು ಕೊಡದಿಂದ ನೀರು ಕುಡಿಯುವ ಸದ್ದನ್ನು ತಾನು ಕಿವಿಯಾರೆ ಕೇಳಿದೆನೆಂದು ಅತ್ತೆ ಬೀದಿಯವರಿಗೆ ವರ್ಣಿಸುವಷ್ಟು ಮುಂದುವರಿದರು. ಪಾಪದ ಪ್ರಾಣಿ, ಯಾರ ತಂಟೆಗೂ ಬರುವುದಿಲ್ಲ, ಅಳಿಯಂದಿರಿಗಿಂತ ಸಾವಿರ ಪಾಲು ವಾಸಿ, ಉಪ್ಪು ಕಮ್ಮಿ ಅನ್ನುವುದಿಲ್ಲ ಎಂದು ಪ್ರಶಂಸಾಪತ್ರವನ್ನೂ ಕೊಟ್ಟರು.

ಭಾವಮೈದುನ ದೂರದ ಊರಿಂದ ಫೋನ್ ಮಾಡಿದ. ವರ್ಷಕ್ಕೊಮ್ಮೆ ಫೋನ್ ಮಾಡುವವನು. "ಏನ್ ಭಾವ, ಒಂದು ಬೆಕ್ಕು ಸಾಕೋಣ ಅಂದ್ರೆ ಸೀನು ಬರುತ್ತೆ ಅಂತಿದ್ರಿ. ಈಗ ಸೀನು ಹೋಯ್ತಾ?" ಮೇಷ್ಟ್ರು ಫೋನ್ ಇಟ್ಟರು. ಇಡುವ ಮೊದಲು ಆಡಿದ ಮಾತುಗಳು ಮೂರನೇ ತರಗತಿಯ ಪಠ್ಯದಲ್ಲಿ ಇರಲಿಲ್ಲ.

ಕಂಪನಿಯ ತರುಣನಿಗೂ ಫೋನ್ ಮಾಡಿದ್ದಾಯಿತು. ಒರೆಸುವುದು ಹೇಗಪ್ಪಾ ಎಂದು ಕೇಳಿದರೆ ಅವನು ಮೆಲ್ಲಗೆ ನಕ್ಕ. ಅದರಲ್ಲಿ ಒರೆಸುವ ಸೌಲಭ್ಯವನ್ನು ಬೇಕೆಂದೇ ಇಟ್ಟಿಲ್ಲವಂತೆ. ಜನ ಒರೆಸುತ್ತಾ ಹೋದರೆ ಮಾಹಿತಿ ಬೆಳೆಯುವುದು ಹೇಗೆ ಎಂಬುದು ಅವನ ಕಂಪನಿಯ ತತ್ತ್ವ. ಮೇಷ್ಟ್ರು, ತಪ್ಪೂ ಬೆಳೆಯಬೇಕೇ ಎಂದು ಕೇಳಿದರು. ಅದು ತಪ್ಪೋ ಸರಿಯೋ ಎಂಬುದನ್ನು ಆಪ್ ತಾನೇ ಕಾಲಕ್ರಮದಲ್ಲಿ ಕಲಿತುಕೊಳ್ಳುತ್ತದೆ ಎಂದ ತರುಣ. ಅದಕ್ಕೆ ಕಲಿಸುವವರು ಯಾರು ಎಂಬ ಪ್ರಶ್ನೆ ಮೇಷ್ಟ್ರ ನಾಲಿಗೆಯ ತುದಿಗೆ ಬಂದಿತ್ತು. ಉತ್ತರ ತಾವೇ ಎಂದು ಹೊಳೆದು ನುಂಗಿಕೊಂಡರು.

ಹೆಡ್‌ಮಿಸ್ಸು ಅವರನ್ನು ಕೋಣೆಗೆ ಕರೆಸಿ ಬಾಗಿಲು ಹಾಕಿಕೊಂಡರು. ಶಾಲಾ ಇನ್ಸ್‌ಪೆಕ್ಟರು ಟ್ಯಾಬ್ ಪಾಠ ನೋಡಲು ಬರುವವರಿದ್ದಾರೆ. ಅಷ್ಟರೊಳಗೆ ಚಿರತೆಯ ವ್ಯವಹಾರ ಮುಗಿಯಬೇಕು. ಹಿಡಿಸಿಕೊಳ್ಳಿ, ಇಲ್ಲವೇ ಅಮಾನತಾಗಿ, ಎರಡರಲ್ಲಿ ಒಂದನ್ನು ಶುಕ್ರವಾರದೊಳಗೆ ಮಾಡಿ ಎಂದು ಅವರು ಬಹಳ ವಿಶ್ವಾಸದಿಂದಲೇ ಹೇಳಿದರು. ಮೇಷ್ಟ್ರು ಅಮಾನತನ್ನು ಆರಿಸಿಕೊಂಡರು. ಸತ್ಯಕ್ಕಾಗಿ ಕಷ್ಟಪಟ್ಟವರ ಸಾಲಿನಲ್ಲಿ ತಮಗೂ ಒಂದು ಕುರ್ಚಿ ಖಾಲಿ ಇದ್ದಂತೆ ಅವರಿಗೆ ತೋರಿತು. ಈ ಸಲ ಅದನ್ನು ಹೊತ್ತು ತರಬೇಕಾಗಿಯೂ ಇರಲಿಲ್ಲ.

ಆ ಕುರ್ಚಿಯ ಮೇಲೆ ಅವರು ಗುರುವಾರ ಮಧ್ಯಾಹ್ನದವರೆಗೆ ಹಾಯಾಗಿ ಕೂತಿದ್ದರು.

ಗುರುವಾರ ಮಧ್ಯಾಹ್ನ ವಾರದ ಪರೀಕ್ಷೆ. ಅದೂ ಟ್ಯಾಬ್‌ನಲ್ಲೇ. ಪ್ರಶ್ನೆ ಕೇಳುವುದು ಅದು, ಅಂಕ ಕೊಡುವುದೂ ಅದು. ಮೇಷ್ಟ್ರ ಕೆಲಸ ಗಂಟೆ ಹೊಡೆಯುವವರೆಗೆ ಸುಮ್ಮನೆ ನಿಂತಿರುವುದು. ಪರೀಕ್ಷೆ ಮುಗಿದು ಪರದೆಯ ಮೇಲೆ ಫಲಿತಾಂಶ ಬಂದಾಗ ಇಡೀ ತರಗತಿಗೆ ಪೂರ್ತಿ ಅಂಕ, ತಪ್ಪಮ್ಮನಿಗೆ ಮಾತ್ರ ಒಂದು ಕಮ್ಮಿ. ಮೇಷ್ಟ್ರಿಗೆ ಆಶ್ಚರ್ಯವಾಯಿತು. ಕನ್ನಡಕ ಏರಿಸಿ ನೋಡಿದರು. 'ನಿಮ್ಮ ಪ್ರದೇಶದಲ್ಲಿ ಚಿರತೆ ಎಲ್ಲಿ ವಾಸಿಸುತ್ತದೆ?' ಎಂಬುದು ಪ್ರಶ್ನೆ. 'ಕಾಡು' ಎಂದು ಒತ್ತಿದ್ದ ತಪ್ಪಮ್ಮನ ಉತ್ತರದ ಮೇಲೆ ಕೆಂಪು ಗೀಟು. ಅದರ ಪಕ್ಕದಲ್ಲಿ ಹಸಿರು ಅಕ್ಷರಗಳಲ್ಲಿ, 'ಸರಿ ಉತ್ತರ: ಅಡುಗೆಮನೆ.'

ಅದರ ತರ್ಕದಲ್ಲಿ ಹುಳುಕಿರಲಿಲ್ಲ. ಆ ಪ್ರದೇಶದಲ್ಲಿ ಕಾಡಿಲ್ಲ. ಚಿರತೆ ಕಂಡಿದ್ದು ಒಂದೇ ಸಲ. ಅದು ಅಡುಗೆಮನೆಯಲ್ಲಿ. ವರದಿ ಮಾಡಿದವರು ಒಬ್ಬ ಜವಾಬ್ದಾರಿಯುತ ಶಿಕ್ಷಕರು. ಮಿಕ್ಕ ಮಕ್ಕಳು ಬೀದಿಯ ಸುದ್ದಿ ಬಲ್ಲವರು, ಬೋನನ್ನು ಕಣ್ಣಾರೆ ಕಂಡವರು. ಕಣ್ಣು ಮುಚ್ಚಿಕೊಂಡು ಅಡುಗೆಮನೆ ಒತ್ತಿ ಅಂಕ ಗಿಟ್ಟಿಸಿದ್ದರು.

ಮೇಷ್ಟ್ರು ಟ್ಯಾಬ್‌ಗೆ ಬೈದರು, ಕಂಪನಿಗೆ ಬೈದರು, ಎರಡೂ ಇಲಾಖೆಗಳಿಗೆ ಬೈದರು. ಮಕ್ಕಳು ಬಹಳ ಆಸಕ್ತಿಯಿಂದ ಕೇಳಿದರು. ತಪ್ಪಮ್ಮ ಮಾತ್ರ ಎದ್ದು ಬಂದು ಮೇಜಿನ ಪಕ್ಕ ನಿಂತಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು, ಅಳುವ ಮಕ್ಕಳಿಗೆ ಏನು ಹೇಳಬೇಕೆಂಬುದು ಮೇಷ್ಟ್ರಿಗೆ ಗೊತ್ತಿತ್ತು.

"ನೀವು ಒರೆಸಲೇ ಇಲ್ಲ ಸಾರ್," ಎಂದಳು.

ಮೇಷ್ಟ್ರು ಸತ್ಯಕ್ಕಾಗಿ ಕೂತಿದ್ದ ಕುರ್ಚಿಯ ಒಂದು ಕಾಲು ಮುರಿಯಿತು. ತಾವು ಅಮಾನತಾದರೆ ವಿಚಾರಣೆ ಮುಗಿಯುವವರೆಗೂ ದಾಖಲೆ ಹಾಗೇ ಇರುತ್ತದೆ. ದಾಖಲೆ ಇರುವವರೆಗೆ ಅಡುಗೆಮನೆಯೇ ಸರಿ, ಈ ಹುಡುಗಿಯೇ ತಪ್ಪು. ತಮ್ಮ ಮರ್ಯಾದೆ ಉಳಿಯಲಿಕ್ಕೆ ಇವಳ ಮೇಲೆ ಕೆಂಪು ಗೀಟು. ಸಂಜೆ ಶಾಲೆಯಿಂದ ಹೊರಟವರು ನೇರವಾಗಿ ಬೋನಿನ ಮುಂದೆ ನಿಂತು, ಅದರ ಬಾಗಿಲು ಎಷ್ಟು ಅಗಲವಿದೆಯೆಂದು ಮೊಳ ಹಾಕಿ ನೋಡಿ, ಅಧಿಕಾರಿಗೆ ಫೋನ್ ಮಾಡಿದರು.

ಅತ್ತೆಯ ಬಳಿ ಒಂದು ಹೊದಿಕೆಯಿತ್ತು. ಹಳದಿ ಬಣ್ಣದ್ದು, ಮೈ ತುಂಬ ಕಪ್ಪು ಚುಕ್ಕೆ. ಮಗ ಕಳಿಸಿಕೊಟ್ಟದ್ದು. ಅದನ್ನು ಅವರು ಹೊದ್ದುಕೊಂಡದ್ದಕ್ಕಿಂತ ಬಂದವರಿಗೆ ತೋರಿಸಿದ್ದೇ ಹೆಚ್ಚು. ಅಳಿಯ ಅದನ್ನು ಕೇಳಿದಾಗ, ಒಗೆದು ಒಣಗಿಸಿದ್ದನ್ನು ಬೋನಿನಲ್ಲಿ ಹೊರಳಾಡಿಸುವುದಕ್ಕೆ ಕೊಡುವುದಿಲ್ಲ ಎಂದು ಖಂಡಿತವಾಗಿ ಹೇಳಿದರು. ಚಿರತೆಯನ್ನು ಹಿಡಿದುಕೊಂಡು ಹೋದರೆ ಕೆನೆಯ ಗತಿಯೇನು ಎಂಬ ಚಿಂತೆಯೂ ಒಳಗೊಳಗೆ ಇದ್ದಿರಬೇಕು. ಕೊನೆಗೆ ಹೆಂಡತಿ ತಾಯಿಯ ಕಿವಿಯಲ್ಲಿ ಏನೋ ಹೇಳಿದಳು. ಅಮಾನತಾದರೆ ಈ ಮನುಷ್ಯ ಹಗಲೆಲ್ಲ ಮನೆಯಲ್ಲೇ ಇರುತ್ತಾರೆ ಎಂದು ಹೇಳಿದಳೆಂದು ಆಮೇಲೆ ತಿಳಿಯಿತು. ಅತ್ತೆ ಹೊದಿಕೆ ತಂದು ಕೈಗಿತ್ತು, "ಕಾಲು ತೊಳ್ಕೊಂಡು ಒಳಗೆ ಹೋಗಿ ಅಳಿಯಂದ್ರೆ," ಎಂದರು.

ಶುಕ್ರವಾರ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಚಿರತೆ ಹಿಡಿಯುವ ಕಾರ್ಯಕ್ರಮ. ಬೀದಿಗೆ ಬೀದಿಯೇ ನೆರೆದಿತ್ತು. ಬಡಗಿ ಅಂಗಡಿಯ ಸ್ಟೂಲುಗಳನ್ನೆಲ್ಲ ಹೊರಗೆ ಹಾಕಿ ಹಿರಿಯರಿಗೆ ಕೂರಲು ಅನುಕೂಲ ಮಾಡಿಕೊಟ್ಟಿದ್ದ. ಮಹಡಿಯ ಮೇಲಿಂದ ಮಾಲೀಕರು ಇಣುಕುತ್ತಿದ್ದರು, ಪಕ್ಕದಲ್ಲಿ ಮೊಮ್ಮಗಳು. ಮೇಷ್ಟ್ರು ಕಾಲು ತೊಳೆದು, ಹೊದಿಕೆ ಹೊದ್ದು, ತಲೆ ಬಗ್ಗಿಸಿ ಬೋನಿನೊಳಗೆ ಹೋದರು. ಅಧಿಕಾರಿ ಬಾಗಿಲಿಳಿಸಿ ಟ್ಯಾಬ್ ಎತ್ತಿ ಹಿಡಿದರು. ಕೋಗಿಲೆ ಕೂಗಿತು. ಪರದೆಯ ಮೇಲೆ 'ಸೋಫಾ' ಎಂದು ಬಂತು.

ಗುಂಪಿನಲ್ಲಿ ನಗು ಎದ್ದಿತು. ಮೇಷ್ಟ್ರು ಹಲ್ಲು ಕಚ್ಚಿಕೊಂಡು ಮಂಡಿಯೂರಿ ಕೈಯೂರಿ ನಿಂತರು. ಎರಡನೆಯ ಸಲ 'ಹಾಸಿಗೆ' ಎಂದು ಬಂತು. ಅಧಿಕಾರಿ, ಬೆನ್ನು ಸ್ವಲ್ಪ ಎತ್ತಿ ಸಾರ್, ಗರ್ಜಿಸಬೇಕಾಗಿಲ್ಲ, ಅದಕ್ಕೆ ಕಿವಿ ಕೇಳುವುದಿಲ್ಲ ಎಂದು ಮಾರ್ಗದರ್ಶನ ಮಾಡಿದರು. ಬಡಗಿ, ಬಾಲ ಇಲ್ಲವಲ್ಲ, ಅದಕ್ಕೇ ತಿಳಿಯುತ್ತಿಲ್ಲ ಎಂದು ಒಂದು ಹಗ್ಗ ತಂದ. ಅದನ್ನು ಕಟ್ಟುವುದು ಎಲ್ಲಿಗೆ ಎಂಬ ಬಗ್ಗೆ ಗುಂಪಿನಲ್ಲಿ ಎರಡು ಪಂಗಡಗಳಾದವು. ಮೇಷ್ಟ್ರು ಸಹಿಸಿದರು. ತಪ್ಪಮ್ಮನ ಒಂದು ಅಂಕವನ್ನು ಮನಸ್ಸಿನಲ್ಲಿ ನೆನೆಯುತ್ತ ನಾಲ್ಕು ಕಾಲ ಮೇಲೆ ನಿಂತಿದ್ದರು. ಮೂರನೆಯ ಸಲ 'ಕುರಿ' ಎಂದು ಬಂತು.

"ಪರವಾಗಿಲ್ಲ ಸಾರ್," ಎಂದರು ಅಧಿಕಾರಿ. "ಜೀವ ಇದೆ ಅಂತ ಗೊತ್ತಾಯ್ತು. ಹತ್ತಿರ ಬರ್ತಾ ಇದೀವಿ."

ಆಗ ಮಹಡಿಯ ಮೇಲಿಂದ ಮಾಲೀಕರು ತೀರ್ಪಿನ ದನಿಯಲ್ಲಿ, ನೆರೆದವರೆಲ್ಲ ಸಾಕ್ಷಿಯಾಗಿ, ಈ ಮನೆಯಲ್ಲಿ ಚಿರತೆ ಇದ್ದದ್ದು ಇವತ್ತು ರುಜುವಾತಾಗಿದೆ, ಆದ್ದರಿಂದ ಕರಾರು ಮುರಿದಂತೆ, ತಿಂಗಳ ಕೊನೆಗೆ ಮನೆ ಖಾಲಿ ಎಂದು ಸಾರಿದರು. ಅಷ್ಟು ಹೊತ್ತು ತಡೆದುಕೊಂಡಿದ್ದ ಮೇಷ್ಟ್ರ ಕಟ್ಟೆಯೊಡೆಯಿತು. ಕುರ್ಚಿ ಹೊತ್ತದ್ದು, ಕೆನೆಯ ಆರೋಪ, ಭಾವಮೈದುನನ ಸೀನು, ಸೋಫಾ, ಕುರಿ, ಎಲ್ಲ ಒಟ್ಟಿಗೆ ಗಂಟಲಿಗೆ ಬಂದವು. ತಿರುಗಿ, ಸರಳುಗಳನ್ನು ಎರಡೂ ಕೈಗಳಿಂದ ಹಿಡಿದು, ಇದ್ದ ಹಲ್ಲುಗಳನ್ನೆಲ್ಲ ತೆರೆದು ಮಾಲೀಕರ ಕಡೆಗೆ ನೋಡಿದರು. ಆಡಬೇಕೆಂದಿದ್ದ ಮಾತು ಇನ್ನೂ ಬಾಯಿಯಿಂದ ಹೊರಟಿರಲಿಲ್ಲ. ಕೋಗಿಲೆ ಕೂಗಿತು.

ಅಧಿಕಾರಿ ಟ್ಯಾಬ್ ನೋಡಿ, ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿ, ಗಟ್ಟಿಯಾಗಿ ಓದಿದರು. 'ಚಿರತೆ. ವಯಸ್ಸಾದ ಗಂಡು. ಕೆರಳಿದೆ.'

ಮಾಲೀಕರು ಒಂದು ಹೆಜ್ಜೆ ಹಿಂದೆ ಸರಿದರು. ಮನೆ ಖಾಲಿ ಮಾಡುವ ವಿಷಯ ಮತ್ತೆಂದೂ ಎತ್ತಲಿಲ್ಲ. ಅಧಿಕಾರಿ ಕಡು ಹಸಿರು ಎಲೆಯೊತ್ತಿ, ಪರದೆಯ ಚಿರತೆಯನ್ನು ಬೆರಳಿನಿಂದ ನೂಕಿಕೊಂಡು ಹೋಗಿ ಕಾಡಿನೊಳಗೆ ಬಿಟ್ಟು, ದಾಖಲೆ ಮುಚ್ಚಿದರು. ಮೇಷ್ಟ್ರು ಬೋನಿನಿಂದ ಹೊರಬಂದು, ಹೊದಿಕೆ ಮಡಚಿ ಅತ್ತೆಯ ಕೈಗೆ ಕೊಟ್ಟು, ಯಾರ ಮುಖವನ್ನೂ ನೋಡದೆ ಶಾಲೆಗೆ ನಡೆದರು. ಹಾದಿಯಲ್ಲಿ ಟ್ಯಾಬ್ ತೆರೆದು ನೋಡಿದರು. ತಪ್ಪಮ್ಮನ ಉತ್ತರದ ಮೇಲಿನ ಕೆಂಪು ಗೀಟು ಹೋಗಿತ್ತು. 'ಸರಿ ಉತ್ತರ: ಕಾಡು.' ಮಿಕ್ಕವರಿಗೆಲ್ಲ ಒಂದು ಅಂಕ ಕಮ್ಮಿ. ಅಷ್ಟು ದಿನಗಳಲ್ಲಿ ಮೊದಲ ಸಲ ಅವರು ಆ ಕೋಗಿಲೆಯನ್ನು ಬೈಯಲಿಲ್ಲ.

ಶಾಲಾ ಇನ್ಸ್‌ಪೆಕ್ಟರು ಶನಿವಾರ ಬಂದರು. ಬಂದವರು ತರಗತಿಯ ಹಿಂಬದಿಯ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ತಮ್ಮ ಹೆಸರಿಗೆ, ತಮ್ಮ ಮನೆಯ ವಿಳಾಸಕ್ಕೆ ದಾಖಲಾದ ಒಂದು ಟ್ಯಾಬ್ ಇಟ್ಟುಕೊಂಡರು. ಮಕ್ಕಳ ಉತ್ತರಗಳನ್ನು ಅಲ್ಲಿಂದಲ್ಲಿಗೇ ದಾಖಲಿಸುವುದು ಅವರ ಕ್ರಮವಂತೆ. ಹೆಡ್‌ಮಿಸ್ಸು ಪಕ್ಕದಲ್ಲಿ ನಿಂತು ನಗುತ್ತಿದ್ದರು, ಆದರೆ ಕಣ್ಣುಗಳು ಮಾತ್ರ ಮೇಷ್ಟ್ರನ್ನು ಬೇಡಿಕೊಳ್ಳುತ್ತಿದ್ದವು. ಬೇಡಬೇಕಾದ ಅಗತ್ಯವಿರಲಿಲ್ಲ. ಇನ್ನು ಮುಂದೆ ಟ್ಯಾಬ್‌ನ ಮುಂದೆ ತಪ್ಪು ಉತ್ತರ ಬರೆಯುವುದಿಲ್ಲ, ನೇರವಾಗಿ ಸರಿ ಉತ್ತರವನ್ನೇ ಹೇಳಿಸುತ್ತೇನೆ ಎಂದು ಮೇಷ್ಟ್ರು ರಾತ್ರಿಯೇ ನಿರ್ಧರಿಸಿದ್ದರು. ಇಷ್ಟು ಕಾಲದ ಸಿದ್ಧಾಂತವನ್ನು ಬಿಡುವುದು ಸುಲಭವಾಗಿರಲಿಲ್ಲ. ಆದರೂ ಬಿಟ್ಟಿದ್ದರು. ಆ ನಿರ್ಧಾರವನ್ನು ಮಕ್ಕಳಿಗೆ ತಿಳಿಸುವುದೊಂದನ್ನು ಮಾತ್ರ ಮರೆತಿದ್ದರು.

"ಚಿರತೆ ಎಲ್ಲಿ ವಾಸಿಸುತ್ತದೆ?" ಎಂದು ಮೇಷ್ಟ್ರು ಕೇಳಿದರು.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದೆ ಯಾರೋ ದೊಡ್ಡವರು ಕೂತಿದ್ದಾರೆ. ತಮ್ಮ ಮೇಷ್ಟ್ರ ಮರ್ಯಾದೆಯ ಪ್ರಶ್ನೆ. ಸರಿ ಉತ್ತರವನ್ನು ಯಾರು ಬೇಕಾದರೂ ಹೇಳಬಹುದು. ತಮ್ಮ ಮೇಷ್ಟ್ರು ಕಲಿಸಿದ ರೀತಿಯಲ್ಲೇ ಪಾಠ ಒಪ್ಪಿಸಿ ತೋರಿಸಬೇಕೆಂದು ಅಷ್ಟೂ ಮಕ್ಕಳಿಗೆ ಒಂದೇ ಗಳಿಗೆಯಲ್ಲಿ ಹೊಳೆದದ್ದು ಹೇಗೋ ತಿಳಿಯದು. ಎಲ್ಲರೂ ಎದ್ದು ನಿಂತು, ಒಂದೇ ದನಿಯಲ್ಲಿ, ಗೋಡೆ ನಡುಗುವಂತೆ, "ಅಡುಗೆಮನೆ!" ಎಂದರು. ಎಂದವರು ಕೈ ಕಟ್ಟಿಕೊಂಡು, ಮೇಷ್ಟ್ರು 'ತಪ್ಪು' ಎಂದು ಮೇಜು ಬಡಿಯಲೆಂದು ಆಸೆಯಿಂದ ಕಾದರು. ತಪ್ಪಮ್ಮ ಆಗಲೇ ಡಸ್ಟರ್ ಹಿಡಿದು ಬೋರ್ಡಿನ ಪಕ್ಕದಲ್ಲಿ ಸಿದ್ಧವಾಗಿದ್ದಳು.

ಇನ್ಸ್‌ಪೆಕ್ಟರು ಒಂದೊಂದೇ ಅಕ್ಷರವನ್ನು ಹೆಕ್ಕಿ ಬರೆಯುತ್ತಿದ್ದರು. ಬರೆದು ಮುಗಿಸಿ, ಪರದೆಯ ಮೂಲೆಯಲ್ಲಿದ್ದ ಎರಡು ಎಲೆಗಳನ್ನು ಕ್ಷಣಕಾಲ ನೋಡಿದರು. ತರಬೇತಿಯ ದಿನ ಅವರು ಮುಂದಿನ ಸಾಲಿನಲ್ಲಿ, ಮೇಷ್ಟ್ರು ಹೊತ್ತು ತಂದ ಕುರ್ಚಿಗಳಲ್ಲೇ ಅತ್ಯಂತ ಮೆತ್ತನೆಯದರ ಮೇಲೆ ಕೂತಿದ್ದರು. ಅರ್ಧ ಗಂಟೆಯೂ ಒಳ್ಳೆಯ ನಿದ್ದೆ ಬಂದಿತ್ತು.

"ಸಾರ್, ತಡೀರಿ, ಇನ್ನೂ ಒರೆಸಿಲ್ಲ," ಎಂದು ಮೇಷ್ಟ್ರು ಬೆಂಚುಗಳ ನಡುವೆ ಓಡಿದರು.

ಕೋಗಿಲೆ ಕೂಗಿತು.

ಅಧಿಕಾರಿಗಳ ಮುಂದೆ ಹೀಗೆ ಓಡಿ ಬರುವುದು ಯಾವ ಶಿಸ್ತು ಎಂದು ಇನ್ಸ್‌ಪೆಕ್ಟರು ಕೇಳಲು ಶುರುಮಾಡಿದ್ದರು. ಅಷ್ಟರಲ್ಲಿ ಅವರ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಕಿವಿಗಿಟ್ಟರು. ಹೆಂಡತಿಯ ದನಿ ಮುಂದಿನ ಬೆಂಚಿನವರೆಗೂ ಕೇಳುತ್ತಿತ್ತು. ಇಡೀ ಬೀದಿ ತಮ್ಮ ಮನೆಯ ಮುಂದೆ ನೆರೆದಿದೆಯಂತೆ, ಯಾರೋ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ್ದಾರಂತೆ, ತಾನು ಅಡುಗೆಮನೆಯಲ್ಲೇ ನಿಂತಿದ್ದೇನೆ, ಇಲ್ಲಿ ತನ್ನನ್ನು ಬಿಟ್ಟು ಇನ್ಯಾರಿದ್ದಾರೆ, ನೀವು ಊರಿಗೆ ಏನೆಂದು ಹೇಳಿಬಿಟ್ಟಿರಿ ಎಂದು ಆಕೆ ಕೇಳುತ್ತಿದ್ದರು.

ಇನ್ಸ್‌ಪೆಕ್ಟರ ಬಣ್ಣ ಬೋರ್ಡಿನ ಸುಣ್ಣದಂತಾಯಿತು. ಟ್ಯಾಬ್‌ನ ಗಾಜನ್ನು ಬೆರಳಿನಿಂದ ಉಜ್ಜಿದರು, ಅಂಗೈಯಿಂದ ಉಜ್ಜಿದರು, ಕೊನೆಗೆ ಉಗುರಿನಿಂದ ಕೆರೆಯತೊಡಗಿದರು. ಅತ್ತೆಯ ಹೊದಿಕೆಯ ಅಳತೆಗೂ ಇವರ ಮೈಯಳತೆಗೂ ಹೊಂದುತ್ತದೆಯೇ ಎಂದು ಮೇಷ್ಟ್ರ ಕಣ್ಣುಗಳು ತಮ್ಮಷ್ಟಕ್ಕೆ ಲೆಕ್ಕ ಹಾಕುತ್ತಿದ್ದವು.

ತಪ್ಪಮ್ಮ ಬೋರ್ಡಿ‌ನಿಂದ ಹಿಂದಿನ ಕುರ್ಚಿಯವರೆಗೆ ನಡೆದು ಬಂದು, ಡಸ್ಟರನ್ನು ಇನ್ಸ್‌ಪೆಕ್ಟರ ಕೈಗೆ ಕೊಟ್ಟಳು.

"ಅದರಿಂದ ಹೋಗಲ್ಲ ಸಾರ್," ಎಂದಳು. "ನಮ್ಮ ಮೇಷ್ಟ್ರನ್ನ ಕೇಳಿ. ಅವರಿಗೆ ಒರೆಸೋಕೆ ಬರುತ್ತೆ."